ಚಂದಾಪುರದ ಗಾಳಿ: ನೆಲ ಮತ್ತು ಋತುಗಳ ಸಾಕ್ಷ್ಯ

ಬೆಂಗಳೂರಿನ ಹವೆಗೂ ಒಂದು ಚರಿತ್ರೆಯಿದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಆಂಗ್ಲರ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತ್ತು. ಆದರೆ ಕಾವೇರಿಯ ನಡುಗಡ್ಡೆಯ ಜ್ವರ ಸಿಪಾಯಿಗಳನ್ನು ಬಿಡದೆ ಕಾಡಿತು. ಕೆಟ್ಟ ಗಾಳಿಯೇ ಆ ಜ್ವರಕ್ಕೆ ಕಾರಣವೆಂಬುದು ಅಂದಿನ ನಂಬಿಕೆ. ಹೀಗೆ ಒಳ್ಳೆಯ ಹವೆಯನ್ನು ಅರಸಿ 1809ರಲ್ಲಿ ದಂಡು ಬೆಂಗಳೂರಿಗೆ ಬಂದಿತು. ಮಲೇರಿಯಾವನ್ನು ಹರಡುವುದು ಗಾಳಿಯಲ್ಲ, ಸೊಳ್ಳೆ ಎಂಬುದಕ್ಕೆ 1897ರಲ್ಲಿ ರೊನಾಲ್ಡ್ ರಾಸ್ ಪುರಾವೆ ಒದಗಿಸಿದರು. ಗಾಳಿಯ ಮೇಲಿನ ಆರೋಪ ಅಂದು ಬಿದ್ದುಹೋಯಿತು. ವಾಚಕರೇ, ಆರೋಗ್ಯಕ್ಕೆಂದು ಆರಿಸಿಕೊಂಡ ಇದೇ ಪ್ರಸ್ಥಭೂಮಿಯಲ್ಲಿ ಇಂದು ಗಾಳಿಯೇ ನಿಜವಾಗಿ ರೋಗಕಾರಕವಾಗುತ್ತಿರುವುದು ಎಂತಹ ವಿಪರ್ಯಾಸ!

ಹೊಸೂರು ಹೆದ್ದಾರಿಯಿಂದ ಆನೇಕಲ್ ರಸ್ತೆ ಕವಲೊಡೆಯುವ ಚಂದಾಪುರವನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ಒಂದು ಕಾಲಕ್ಕೆ ರಾಗಿ ಹೊಲಗಳ ಹಾಗೂ ಕೆರೆಗಳ ನಡುವಿನ ಹಳ್ಳಿ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರದ ಸುತ್ತ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಎದ್ದವು. 2010ರಲ್ಲಿ ಮೇಲುಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದಿತು. ಲಾರಿಗಳು ಮಾತ್ರ ಹಗಲಿರುಳೂ ನೆಲದ ಮೇಲೆಯೇ ಸಾಗುತ್ತಿವೆ.

“ನಮ್ಮದು ಬಯಲು ಸೀಮೆ, ಹೊಗೆ ಹಾರಿಹೋಗುತ್ತದೆ” ಎಂದು ನೀವು ಸಮಾಧಾನ ಪಟ್ಟುಕೊಳ್ಳಬಹುದು. ಇತಿಹಾಸ ಅದನ್ನು ಅರ್ಧ ಮಾತ್ರ ಒಪ್ಪುತ್ತದೆ. 1930ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಮ್ಯೂಸ್ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಗುಡ್ಡಗಳ ನಡುವೆ ಸಿಕ್ಕಿಕೊಂಡು ಸುಮಾರು 60 ಜನ ಸತ್ತರು. 1948ರಲ್ಲಿ ಅಮೆರಿಕದ ಡೊನೊರಾ ಕಣಿವೆಯಲ್ಲಿ 20 ಜನ ಅಸುನೀಗಿದರು. ಆದರೆ 1952ರ ಡಿಸೆಂಬರ್‌ನಲ್ಲಿ ಸುಮಾರು 4,000 ಜನರನ್ನು ಬಲಿ ತೆಗೆದುಕೊಂಡ ಲಂಡನ್ ಕಡಿದಾದ ಕಣಿವೆಯಲ್ಲ. ಅಲ್ಲಿ ಬೆಟ್ಟದ ಕೆಲಸವನ್ನು ಋತುವೇ ಮಾಡಿತು. ನೆಲಕ್ಕಂಟಿದ ಗಾಳಿ ತಣ್ಣಗಾಗಿ ಭಾರವಾಯಿತು. ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕುಳಿತಿತು. ಹೊಗೆಗೆ ಮೇಲೇರುವ ದಾರಿಯೇ ಇಲ್ಲವಾಯಿತು. 1956ರಲ್ಲಿ ಬ್ರಿಟನ್ ಶುದ್ಧ ವಾಯು ಕಾಯಿದೆಯನ್ನು ತಂದದ್ದು ಈ ಪಾಠದಿಂದಲೇ.

ಆ ಮುಚ್ಚಳದ ಚಿಕ್ಕ ರೂಪ ಚಂದಾಪುರದಲ್ಲೂ ಕಾಣುತ್ತದೆ. ಡಿಸೆಂಬರ್, ಜನವರಿಯ ನಿರಭ್ರ ರಾತ್ರಿಗಳಲ್ಲಿ ನೆಲವು ಬೇಗನೆ ತಣ್ಣಗಾಗುತ್ತದೆ. ಮೂಡಣದ ಗಾಳಿ ಮಂದವಾಗಿರುತ್ತದೆ. ರಾತ್ರಿಯ ಲಾರಿಗಳ ಹೊಗೆ, ಮುಂಜಾನೆ ಬೀದಿಬದಿಯಲ್ಲಿ ಸುಡುವ ಕಸದ ಹೊಗೆ, ಇಬ್ಬನಿ ಎಲ್ಲವೂ ಬೆರೆತು ಸೂರ್ಯನು ಬಿಸಿಯೇರಿಸುವವರೆಗೂ ಕೆಳಗೇ ತಂಗುತ್ತವೆ. ಕೆರೆಯ ತಗ್ಗಿನಲ್ಲಿ ತಂಪುಗಾಳಿ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಮಾರ್ಚ್, ಏಪ್ರಿಲ್‌ನ ಬಿಸಿಲು ಗಾಳಿಯನ್ನು ಎತ್ತರಕ್ಕೆ ಕಲಕಿ ಹೊಗೆಯನ್ನು ಚದುರಿಸುತ್ತದೆ; ಆದರೆ ಒಣಗಿದ ರಸ್ತೆಯಂಚಿನ ಮತ್ತು ಕಟ್ಟಡ ಕೆಲಸದ ಧೂಳನ್ನು ಎಬ್ಬಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಸಾದ ಪಡುವಣ ಗಾಳಿ ಬೀಸುವುದು ಜಿಗಣಿ, ಬೊಮ್ಮಸಂದ್ರಗಳ ಕಡೆಯಿಂದಲೇ. ಆದರೂ ಅದರ ವೇಗ ಹೊಗೆಯನ್ನು ತೆಳುವಾಗಿಸುತ್ತದೆ, ಮಳೆ ಧೂಳನ್ನು ತೊಳೆಯುತ್ತದೆ. ಕಾರ್ಖಾನೆಯೂ ಅದೇ, ರಸ್ತೆಯೂ ಅದೇ. ಬದಲಾದದ್ದು ಋತು ಮಾತ್ರ.

ಹಾಗಾದರೆ ತಪ್ಪು ಋತುವಿನದೇ? ಅಲ್ಲ. ಋತು ಹೊಗೆಯನ್ನು ಹುಟ್ಟಿಸುವುದಿಲ್ಲ. ನಾವು ಹುಟ್ಟಿಸಿದ್ದನ್ನು ಮಳೆಗಾಲದಲ್ಲಿ ಮರೆಮಾಡುತ್ತದೆ, ಚಳಿಗಾಲದಲ್ಲಿ ನಮ್ಮ ಮುಂದೆಯೇ ಇಡುತ್ತದೆ. ಭಾರತವು 1981ರಲ್ಲಿ ವಾಯು ಮಾಲಿನ್ಯ ನಿಯಂತ್ರಣ ಕಾಯಿದೆಯನ್ನು ಮಾಡಿತು. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟಿರುವ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಿಗೆ 2009ರಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ ಎಂಬ ವಾರ್ಷಿಕ ಮಿತಿ ನಿಗದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಇನ್ನೊಂದು ಮಾತು: ವಾರ್ಷಿಕ ಸರಾಸರಿಯಲ್ಲಿ ಮಳೆಗಾಲದ ನಿರ್ಮಲ ದಿನಗಳೂ ಸೇರಿರುತ್ತವೆ. ಜನವರಿಯ ಮುಂಜಾನೆ ಶಾಲೆಯ ಬಸ್ಸಿಗೆ ಕಾಯುವ ಮಗು ಉಸಿರಾಡುವುದು ಸರಾಸರಿಯನ್ನಲ್ಲ, ಆ ಗಳಿಗೆಯ ಗಾಳಿಯನ್ನು.

ಆ ಗಾಳಿಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನಸುಕಿನಲ್ಲಿ ಬೀದಿ ಗುಡಿಸುವ ಮಹಿಳೆ, ರಾತ್ರಿ ಪಾಳಿ ಮುಗಿಸಿ ನಡೆದುಬರುವ ಕಾರ್ಮಿಕ, ಹೆದ್ದಾರಿಯಂಚಿನ ಹೂವಾಡಗಿತ್ತಿ, ಇವರಿಗೆ ಮುಚ್ಚಿಕೊಳ್ಳಲು ಕಿಟಕಿಯೂ ಇಲ್ಲ. ನೆಲದ ಎತ್ತರವನ್ನಾಗಲಿ ಗಾಳಿಯ ದಿಕ್ಕನ್ನಾಗಲಿ ನಾವು ಬದಲಿಸಲಾರೆವು. ಆದರೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಯ ತಿಂಗಳುಗಳಲ್ಲಿ ಮನೆಯಂಗಳದ ಎಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಬ್ಬ ಯಾವುದೇ ಆಗಲಿ, ದೀಪಾವಳಿಯಾಗಲಿ ಕ್ರಿಸ್‌ಮಸ್ ಆಗಲಿ, ಪಟಾಕಿಯನ್ನು ಬಿಡಬಹುದು. ವೃದ್ಧರ ಹಾಗೂ ಉಬ್ಬಸವಿರುವವರ ನಡಿಗೆಯನ್ನು ಬಿಸಿಲೇರಿದ ಮೇಲಿನ ಹೊತ್ತಿಗೆ ಇಟ್ಟುಕೊಳ್ಳಬಹುದು. ಕಸ ಸುಡುವುದನ್ನು ನಿಲ್ಲಿಸುವಂತೆ, ರಸ್ತೆಯಂಚಿನ ಧೂಳನ್ನು ತೆಗೆಸುವಂತೆ ಸ್ಥಳೀಯ ಆಡಳಿತವನ್ನು ಒಟ್ಟಾಗಿ ಕೇಳಬಹುದು. ಲಂಡನ್ನಿಗೆ ಕಣ್ಣು ತೆರೆಯಲು ಸಾವಿರಾರು ಸಾವುಗಳು ಬೇಕಾದವು. ನಮಗೆ ಆ ಚರಿತ್ರೆ ತಿಳಿದಿದೆ; ತಿಳಿದ ಮೇಲೂ ಕಾಯುವುದು ಏತಕ್ಕೆ?