ಹಸ, ಬೆಟ್ಟೆ ಮತ್ತು ಕೊಳ್ಳುವವನ ನಂಬಿಕೆ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಸಾಗುವ ದಾರಿಯಲ್ಲಿರುವ ಕೆರೆಕಟ್ಟೆ ಮಳೆಗೆ ಹೆಸರಾದ ಊರು. ಇಂಥ ಊರುಗಳ ಅಡಿಕೆ ಮಂಡಿ ಸೇರಿದಾಗ ಅದರ ಬೆಲೆ ನಿಲ್ಲುವುದು ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳ ಮೇಲೆ. ಎಳೆಯ ಕಾಯಿಯಿಂದಾಗುವ ಹಸಕ್ಕೆ ಮೇಲಿನ ದರ, ಗೊರಬಲಿಗೆ ಕೆಳಗಿನದು.

ಕಾಯಿ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಬಣ್ಣ ನೋಡಿ ಆರಿಸುವುದು ಮನೆಮಂದಿಯ ದುಡಿಮೆ. ಮೂಟೆಯ ಒಂದೊಂದು ಅಡಿಕೆಯನ್ನೂ ಪರೀಕ್ಷಿಸಲು ವ್ಯಾಪಾರಿಗೆ ಪುರುಸೊತ್ತಿಲ್ಲ. ಹಿಡಿಯಷ್ಟು ಮಾದರಿ ನೋಡುತ್ತಾನೆ, ಉಳಿದದ್ದನ್ನು ಹೆಸರಿನ ಮೇಲೆ ನಂಬುತ್ತಾನೆ.

ಕೊಳ್ಳುವವನ ಮನಸ್ಸಿನ ಈ ನಡೆಯನ್ನೇ ಜೀವಮಾನದ ಅಧ್ಯಯನವಾಗಿಸಿಕೊಂಡವರು ಜಗದೀಶ್ ಶೇಠ್. 1938ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪ್ರಾಧ್ಯಾಪಕರಾದ ಅವರು 1969ರಲ್ಲಿ ಜಾನ್ ಹೊವಾರ್ಡ್ ಅವರೊಡನೆ ಖರೀದಿದಾರರ ವರ್ತನೆಯನ್ನು ಕುರಿತ ಗ್ರಂಥ ಪ್ರಕಟಿಸಿದರು. ಹೊಸ ವಸ್ತು ಕೊಳ್ಳುವಾತ ಹತ್ತು ಕಡೆ ವಿಚಾರಿಸುತ್ತಾನೆ. ಪರಿಚಯವಾದಂತೆ ವಿಚಾರಣೆ ಕಡಿಮೆಯಾಗುತ್ತದೆ. ಮತ್ತೆ ಮತ್ತೆ ತೃಪ್ತಿ ದೊರೆತರೆ ಕೊಳ್ಳುವುದೇ ರೂಢಿಯಾಗುತ್ತದೆ ಎಂಬುದು ಅದರ ತಿರುಳು. 2020ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಇದರ ಇನ್ನೊಂದು ಮಗ್ಗುಲನ್ನು 1970ರಲ್ಲಿ ತೋರಿಸಿದವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್. ಭಾರತದ ಗೃಹಿಣಿ ಪೇಟೆಯ ಅಕ್ಕಿಯಿಂದ ಬೆರಕೆ ಕಲ್ಲು ಆರಿಸಬೇಕಾದ ಸಂಗತಿಯನ್ನು ಅವರು ತಮ್ಮ ಲೇಖನದಲ್ಲಿ ಉದಾಹರಿಸಿದ್ದಾರೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಎರಡಕ್ಕೂ ಒಂದೇ ಬೆಲೆ. ಆಗ ಒಳ್ಳೆಯ ಮಾಲಿನವನೇ ಪೇಟೆ ಬಿಡುತ್ತಾನೆ. ಬ್ರಾಂಡ್ ಇದಕ್ಕೊಂದು ತಡೆ. ಮೋಸಹೋದವನು ಮುಂದೆ ಆ ಹೆಸರಿನ ಸರಕನ್ನು ಮುಟ್ಟದಿರಬಹುದು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅಕೆರ್ಲಾಫ್ ಪಾಲುದಾರರಾದರು.

ಇಂಥ ಸಿದ್ಧಾಂತಗಳು ಅಚ್ಚಾಗುವ ಮೂರು ದಶಕ ಮೊದಲೇ, 1939ರಲ್ಲಿ, ಮಲೆನಾಡಿನ ಬೆಳೆಗಾರರು ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸಹಕಾರ ಸಂಘ ಕಟ್ಟಿದ್ದರು. ಒಬ್ಬೊಬ್ಬನೇ ವ್ಯಾಪಾರಿಯೆದುರು ನಿಲ್ಲುವ ಬದಲು, ಮಾಲನ್ನು ಒಂದೆಡೆ ತಂದು ದರ್ಜೆಗೆ ತಕ್ಕ ದರ ಪಡೆಯುವ ದಾರಿ ಅದು.

ಆದರೆ ಹಸ, ಬೆಟ್ಟೆಗಳ ಅಂತರ ಬಲ್ಲವನು ವ್ಯಾಪಾರಿ, ತಿನ್ನುವವನಲ್ಲ. ದೂರದ ಊರಿನಲ್ಲಿ ಪಾನ್ ಮಸಾಲೆಯ ಪೊಟ್ಟಣ ಹರಿಯುವಾತನಿಗೆ ಗೊತ್ತಿರುವುದು ಪೊಟ್ಟಣದ ಮೇಲಿನ ಹೆಸರಷ್ಟೇ. ಒಳಗೆ ಅಗ್ಗದ ಅಡಿಕೆ ಸೇರಿದರೂ ಅವನಿಗೆ ತಿಳಿಯುವುದು ಕಷ್ಟ. ಹೀಗೆ ಬೆಳೆಗಾರನ ಅಂಗಳದಲ್ಲಿ ಹುಟ್ಟಿದ ನಂಬಿಕೆಯ ಲಾಭ ಪೊಟ್ಟಣಕ್ಕೆ ಸಲ್ಲುತ್ತದೆ. ದರ್ಜೆಯ ಹೆಸರು ತಿನ್ನುವವನವರೆಗೂ ತಲುಪುವ ತನಕ, ಹಸ ಆರಿಸಿದ ಕೈಗಳಿಗೆ ಅದರಲ್ಲಿ ಪೂರ್ಣ ಪಾಲು ಸಿಗಲಾರದು.