ಶಿಶುಹೃದಯ ಚಿಕಿತ್ಸೆಯಲ್ಲಿ ರಕ್ತದ ಮಿತವ್ಯಯ
ನವಜಾತ ಶಿಶುವಿನ ಹೃದಯವನ್ನು ತೆರೆದು ದೋಷವನ್ನು ಸರಿಪಡಿಸುವ ವಿದ್ಯೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಶಸ್ತ್ರವೈದ್ಯರ ಹಸ್ತಕೌಶಲವನ್ನೇ ವರ್ಣಿಸುವುದುಂಟು. ಅದರೊಳಗೆ ಅಷ್ಟೇ ಗಣನೀಯವಾದ ಇನ್ನೊಂದು ಎಳೆಯಿದೆ. ಅನ್ಯರ ರಕ್ತವನ್ನು ಎಷ್ಟು ಕಡಮೆ ಬಳಸಬಹುದೆಂಬುದೇ ಅದು. ಅದನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರಮಾಣವನ್ನು ಗಮನಿಸತಕ್ಕದ್ದು. 3 ಕಿಲೋಗ್ರಾಂ ತೂಕದ ಶಿಶುವಿನ ಮೈಯಲ್ಲಿರುವ ರಕ್ತವೆಲ್ಲ ಸುಮಾರು 250 ಮಿಲಿಲೀಟರು. ನಮ್ಮ ದೇಶದಲ್ಲಿ ದಾನಿಯೊಬ್ಬನಿಂದ ಒಂದು ಸಲಕ್ಕೆ ತೆಗೆಯುವುದು 350 ಅಥವಾ 450 ಮಿಲಿಲೀಟರು. 1953ನೆಯ ಮೇ 6ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ನರು ಹೃದಯ-ಶ್ವಾಸಕೋಶಯಂತ್ರವನ್ನು ಮೊದಲ ಬಾರಿಗೆ ಸಫಲವಾಗಿ ಉಪಯೋಗಿಸಿದರು. ಆ ಕಾಲದ ಯಂತ್ರಗಳ ನಳಿಗೆಗಳನ್ನು ದಾನಿಗಳ ರಕ್ತದಿಂದಲೇ ತುಂಬಬೇಕಾಗಿದ್ದಿತು. 1954ರಲ್ಲಿ ಮಿನಿಯಾಪೊಲಿಸಿನ ಲಿಲ್ಲಿಹೈ ಯಂತ್ರವನ್ನೇ ಬಿಟ್ಟು, ತಂದೆಯ ಅಥವಾ ತಾಯಿಯ ರಕ್ತಪ್ರವಾಹಕ್ಕೆ ಮಗುವಿನದನ್ನು ಜೋಡಿಸಿದರು. ಹೀಗೆ 45 ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಆದರೆ ಒಂದು ಜೀವಕ್ಕಾಗಿ ಎರಡು ಜೀವಗಳನ್ನು ಪಣವೊಡ್ಡುವ ಮಾರ್ಗ ಬಹುಕಾಲ ಉಳಿಯಲಿಲ್ಲ.

ಅನ್ಯರಕ್ತವು ಪ್ರಾಣವನ್ನುಳಿಸುವುದು ದಿಟ. ಆದರೂ ಅದರಿಂದ ಸೋಂಕು, ಉರಿಯೂತ, ಶ್ವಾಸಕೋಶದ ತೊಂದರೆಗಳು ಬರಬಹುದು. ಬಹುದಿನ ಶೇಖರಿಸಿಟ್ಟ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿ ಶಿಶುವಿನ ಹೃದಯಕ್ಕೆ ಅಪಾಯವಾಗಬಹುದು. 1960ರ ಸುಮಾರಿಗೆ ಓಕ್ಲಹೋಮದ ನಜೀಹ್ ಜುಹ್ದಿ ಯಂತ್ರವನ್ನು ಸಕ್ಕರೆಯ ದ್ರಾವಣದಿಂದ ತುಂಬಬಹುದೆಂದು ತೋರಿಸಿದರು. 1962ರಿಂದ ಹ್ಯೂಸ್ಟನ್ನಿನ ಡೆಂಟನ್ ಕೂಲಿ, ಮತಕಾರಣದಿಂದ ರಕ್ತವನ್ನೊಲ್ಲದ ಯೆಹೋವನ ಸಾಕ್ಷಿಗಳಿಗೆ ರಕ್ತಪೂರಣವಿಲ್ಲದೆಯೇ ಶಸ್ತ್ರಕ್ರಿಯೆ ನಡೆಸಿದರು.

ಬೆಳೆದವರಿಗೆ ಒಗ್ಗಿದ ಈ ತೆಳುಗೊಳಿಸುವ ಮಾರ್ಗವು ಶಿಶುಗಳಿಗೆ ಹಾಗೆಯೇ ಒಗ್ಗದು. 2003ರಲ್ಲಿ ಬೋಸ್ಟನ್ನಿನಿಂದ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆಯ ವೇಳೆ ರಕ್ತವನ್ನು ಹೆಚ್ಚು ತೆಳುಗೊಳಿಸಿದ್ದ ಶಿಶುಗಳ ಚಲನಶಕ್ತಿಯ ಬೆಳವಣಿಗೆ ಒಂದನೆಯ ವರ್ಷದಲ್ಲಿ ಹಿಂದುಳಿದುದು ಕಂಡುಬಂದಿತು. ಆದುದರಿಂದ ರಕ್ತವನ್ನು ತೆಳುಗೊಳಿಸುವುದಕ್ಕಿಂತ ಯಂತ್ರವನ್ನು ಕಿರಿದುಮಾಡುವುದೇ ಮೇಲಾದ ಉಪಾಯವೆನ್ನಬೇಕು. ಯಂತ್ರವನ್ನು ಮಗುವಿನ ಬಳಿಗೆ ತಂದು ನಳಿಗೆಗಳನ್ನು ಮೊಟಕುಗೊಳಿಸುವುದು, ಪರೀಕ್ಷೆಗೆ ತೆಗೆಯುವ ರಕ್ತವನ್ನು ಮಿತಗೊಳಿಸುವುದು, ಇವು ಅದರ ಅಂಗಗಳು. ಬರ್ಲಿನ್ನಿನ ವೈದ್ಯರು ಯಂತ್ರ ತುಂಬುವ ದ್ರವವನ್ನು ಸುಮಾರು 100 ಮಿಲಿಲೀಟರಿಗೆ ಇಳಿಸಿದರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ವೈದ್ಯರು, ಶಸ್ತ್ರಕ್ರಿಯೆಯ ತರುವಾಯ ಅಧಿಕ ನೀರನ್ನು ಸೋಸಿ ರಕ್ತವನ್ನು ಗಟ್ಟಿಗೊಳಿಸುವ ಕ್ರಮವನ್ನು 1991ರಲ್ಲಿ ಪ್ರಕಟಪಡಿಸಿದರು.

ಇನ್ನು ನಮ್ಮ ನಾಡಿನ ಮಾತು. ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ದೇವಿ ಶೆಟ್ಟರು 1992ರಲ್ಲಿ ಕಲ್ಕತ್ತೆಯಲ್ಲಿ 9 ದಿನದ ಶಿಶುವಿಗೆ ಹೃದಯಶಸ್ತ್ರಕ್ರಿಯೆ ಮಾಡಿದುದು ಭಾರತದಲ್ಲಿ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಮುಂದೆ ಬೆಂಗಳೂರಿನಲ್ಲಿ ಈ ವಿದ್ಯೆ ನೆಲೆಗೊಂಡಿತು. ತುಂಗಭದ್ರೆಯ ಎಡದಡದ ಸಾಣಾಪುರದಿಂದ ಆ ನಗರ 300 ಕಿಲೋಮೀಟರಿಗೂ ದೂರ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಕೊಪ್ಪಳವನ್ನೊಳಗೊಂಡ ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಮೊದಲಾಗಿ, ಬಡವರ ಹೃದಯಚಿಕಿತ್ಸೆಯ ವೆಚ್ಚವನ್ನು ವಹಿಸಿತು. ಹಣದ ಭಾರವನ್ನು ಸರಕಾರ ಹೊರಬಲ್ಲುದು. ರಕ್ತವನ್ನಾದರೋ ಮನುಷ್ಯನೇ ಕೊಡಬೇಕು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಆರಂಭದಿಂದ ರಕ್ತವನ್ನು ಮಾರುವವರಿಂದ ಪಡೆಯುವುದು ನಿಂತಿತು. ಹೀಗಿರಲು ದೂರದ ಊರಿಂದ ಕೂಸನ್ನೆತ್ತಿಕೊಂಡು, ಬಂಧುಬಳಗವಿಲ್ಲದ ನಗರಕ್ಕೆ ಬಂದ ತಾಯ್ತಂದೆಗಳಿಗೆ ಉಳಿದ ಒಂದೊಂದು ಚೀಲವೂ ಉಪಕಾರವೇ ಸರಿ.

ರಕ್ತವನ್ನು ವರ್ಜಿಸುವುದೇ ಈ ಚರಿತ್ರೆಯ ಗುರಿಯಲ್ಲ. ಬೇಕಾದಾಗ ಕೊಡದಿರುವುದೂ ದೋಷವೇ. ಯಂತ್ರದ ಅಳತೆಗೆ ಶಿಶುವನ್ನು ಹೊಂದಿಸದೆ, ಶಿಶುವಿನ ಅಳತೆಗೆ ಯಂತ್ರವನ್ನು ಹೊಂದಿಸಬೇಕೆಂಬುದೇ ಅದರಿಂದ ತಿಳಿಯತಕ್ಕ ಅಂಶ.