ಮಿದುಳಿನ ಗಂತಿಗಳಿಗೆ ಸ್ಟೀರಾಯ್ಡ್ ಚಿಕಿತ್ಸೆ: ಇತಿಹಾಸ

ಮಿದುಳಿನಲ್ಲಿ ಬೆಳೆಯುವ ಗಂತಿಗಳ ಸುತ್ತ ಉಂಟಾಗುವ ಊತವನ್ನು ಇಳಿಸಿ ತಲೆಬುರುಡೆಯೊಳಗಿನ ಒತ್ತಡವನ್ನು ತಗ್ಗಿಸುವುದಕ್ಕಾಗಿ, ಅಡ್ರಿನಲ್ ಗ್ರಂಥಿಯ ರಗಟೆಯಲ್ಲಿ ಹುಟ್ಟುವ ಚೋದನಿಕಗಳನ್ನಾಗಲಿ ಅವುಗಳ ಮಾದರಿಯಲ್ಲಿ ಕೃತಕವಾಗಿ ಸಂಯೋಜಿಸಿದ ಔಷಧಗಳನ್ನಾಗಲಿ ಕೊಡುವ ಚಿಕಿತ್ಸಾಕ್ರಮ. ಬುರುಡೆಯು ಹಿಗ್ಗಲಾರದ ಎಲುಬಿನ ಗೂಡಾದಕಾರಣ ಅದರೊಳಗೆ ಒಂದು ಪದಾರ್ಥ ಹೆಚ್ಚಿದರೆ ಮತ್ತೊಂದು ಎಡೆ ಬಿಟ್ಟುಕೊಡಲೇಬೇಕೆಂಬ ತತ್ತ್ವಕ್ಕೆ ಎಡಿನ್‌ಬರೋ ನಗರದ ಅಲೆಗ್ಸಾಂಡರ್ ಮನ್ರೊ 1783ರಲ್ಲಿಯೇ ತಳಹದಿ ಹಾಕಿದ್ದನು. ಎಷ್ಟೋ ವೇಳೆ ರೋಗಿಯ ಮಾತನ್ನೂ ಕೈಕಾಲಿನ ಶಕ್ತಿಯನ್ನೂ ಎಚ್ಚರವನ್ನೂ ಅಪಹರಿಸುವುದು ಗಂತಿಗಿಂತ ಹೆಚ್ಚಾಗಿ ಅದರ ಸುತ್ತಣ ಊತವೇ. ಸ್ಟೀರಾಯ್ಡ್ ಔಷಧವು ಗಂತಿಯನ್ನು ಸಾಮಾನ್ಯವಾಗಿ ನಾಶಮಾಡದು. ಆದರೂ ಕಳೆದುಹೋದ ಮನುಷ್ಯನನ್ನು ಕೆಲವು ಕಾಲದ ಮಟ್ಟಿಗೆ ಅವನ ಮನೆಯವರಿಗೆ ಮರಳಿಸಬಲ್ಲದು. ಇದರ ಇತಿಹಾಸವು ಬಹುಮಟ್ಟಿಗೆ ಈ ಉಪಕಾರಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ವೈದ್ಯರು ನಿಧಾನವಾಗಿ ಕಲಿತುಕೊಂಡ ಇತಿಹಾಸವಾಗಿದೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಸ್ತ್ರವೈದ್ಯರ ಕೈಯಲ್ಲಿದ್ದ ಉಪಾಯಗಳು ಅಲ್ಪವಾಗಿದ್ದವು. ಅಮೆರಿಕದ ಹಾರ್ವಿ ಕುಶಿಂಗ್ 1905ರಲ್ಲಿ, ಕಿವಿಯ ಮೇಲ್ಭಾಗದ ಎಲುಬಿನ ತುಂಡನ್ನು ತೆಗೆದು ಒತ್ತಡಕ್ಕೆ ದಾರಿಮಾಡಿಕೊಡುವ ಕ್ರಮವನ್ನು ಪ್ರಕಟಿಸಿದನು. 1919ರಲ್ಲಿ ಸಾಂದ್ರವಾದ ಉಪ್ಪಿನ ದ್ರಾವಣವು ಪ್ರಾಣಿಗಳ ಮಿದುಳನ್ನು ಕುಗ್ಗಿಸುವುದೆಂದು ತಿಳಿಯಿತು. ಮುಂದೆ 1956ರಲ್ಲಿ ಯೂರಿಯ ದ್ರಾವಣ ಬಳಕೆಗೆ ಬಂತು. ಈ ದ್ರಾವಣಗಳಿಂದ ಲಭಿಸಿದ ಉಪಶಮನವೆಲ್ಲ ಕೆಲವು ಗಂಟೆಗಳದು. ಕುಶಿಂಗನ ಹೆಸರು ಈ ಇತಿಹಾಸದಲ್ಲಿ ಇನ್ನೊಂದು ಬಾಗಿಲಿನಿಂದಲೂ ಪ್ರವೇಶಿಸುತ್ತದೆ. ಮುಖ ದುಂಡಗಾಗಿ, ಹೊಟ್ಟೆ ಬೆಳೆದು, ಕೈಕಾಲು ಸಣ್ಣಗಾಗಿ, ಚರ್ಮ ತೆಳುವಾಗುವ ವ್ಯಾಧಿಯೊಂದನ್ನು ಆತನು 1932ರಲ್ಲಿ ಪಿಟ್ಯುಟರಿಯ ಸಣ್ಣ ಗಂತಿಗೆ ಸಂಬಂಧಿಸಿ ವಿವರಿಸಿದನು. ಅಡ್ರಿನಲ್ ಚೋದನಿಕದ ಅತಿರೇಕವೇ ಅದರ ಮೂಲವೆಂದು ಮುಂದೆ ಸ್ಥಿರಪಟ್ಟಿತು. ಮಿದುಳಿನ ಶಸ್ತ್ರವೈದ್ಯಕ್ಕೆ ಬುನಾದಿ ಹಾಕಿದ ಅವನ ಹೆಸರೇ, ಅವನ ನಂತರದ ಪೀಳಿಗೆಯ ಗಂತಿರೋಗಿಗಳಲ್ಲಿ ಔಷಧದಿಂದಾಗಿ ಕಾಣಿಸಿಕೊಂಡ ವಿಕಾರಕ್ಕೂ ಉಳಿದುಬಂದಿದೆ.

1948ರಲ್ಲಿ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚನು ಕೀಲುವಾತದ ರೋಗಿಯೊಬ್ಬಳಿಗೆ ಅಡ್ರಿನಲ್ ಚೋದನಿಕವಾದ ಕಾರ್ಟಿಸೋನ್ ಕೊಟ್ಟು ಕಂಡ ಸತ್ಫಲವು ಜಗತ್ತನ್ನೇ ಬೆರಗುಗೊಳಿಸಿತು. ಅವನಿಗೂ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಎಂಬ ರಸಾಯನಜ್ಞರಿಗೂ 1950ರ ನೊಬೆಲ್ ಬಹುಮಾನ ಸಂದಿತು. ಬಾಸ್ಟನ್ನಿನ ಇನ್‌ಗ್ರಹಾಂ ಮತ್ತು ಅವನ ಸಹೋದ್ಯೋಗಿಗಳು 1952ರಲ್ಲಿ ಪಿಟ್ಯುಟರಿಯ ನೆರೆಯಲ್ಲಿ ಬೆಳೆಯುವ ಗಂತಿಗಳ ಶಸ್ತ್ರಕ್ರಿಯೆಗೆ ಕಾರ್ಟಿಸೋನನ್ನು ಸಹಾಯಕವಾಗಿ ಬಳಸಿದರು. 1957ರಲ್ಲಿ ಕೋಫ್‌ಮನ್ ಮತ್ತು ಸಂಗಡಿಗರು, ಸ್ತನದ ಏಡಿಗಂತಿಯು ಮಿದುಳಿಗೆ ಹರಡಿದ ರೋಗಿಗಳಿಗೆ ಪ್ರೆಡ್ನಿಸೊಲೋನ್ ಕೊಟ್ಟು ಗುಣಕಂಡದ್ದನ್ನು ವರದಿಮಾಡಿದರು.

ನಿರ್ಣಾಯಕವಾದ ಹೆಜ್ಜೆ ಬಿದ್ದದ್ದು ಮಿನಿಸೋಟ ವಿಶ್ವವಿದ್ಯಾಲಯದಲ್ಲಿ. ಹಳೆಯ ಚೋದನಿಕಗಳು ಶರೀರದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತಿದ್ದುವು. ಊತ ಇಳಿಸಬೇಕಾದ ವೈದ್ಯನಿಗೆ ಇದು ಸಣ್ಣ ತೊಡಕಲ್ಲ. ಆಗತಾನೆ ಸಂಯೋಜಿತವಾಗಿದ್ದ ಡೆಕ್ಸಾಮೆಥಸೋನ್ ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿಯೂ ಶರೀರದ ಸ್ವಂತ ಕಾರ್ಟಿಸೋಲಿಗಿಂತ ಸುಮಾರು 25ರಿಂದ 30 ಪಟ್ಟು ಪ್ರಬಲವಾಗಿಯೂ ಇದ್ದಿತು. ಜೋಸೆಫ್ ಗ್ಯಾಲಿಸಿಚ್, ಲೈಲ್ ಫ್ರೆಂಚ್ ಮತ್ತು ಜೇಮ್ಸ್ ಮೆಲ್ಬಿ 1961ರಲ್ಲಿ ಪ್ರಕಟಿಸಿದ ಕ್ರಮದಂತೆ, ಮೊದಲು 10 ಮಿಲಿಗ್ರಾಂ ರಕ್ತನಾಳದ ಮೂಲಕ, ಅನಂತರ ಆರು ಗಂಟೆಗೊಮ್ಮೆ 4 ಮಿಲಿಗ್ರಾಂ ಕೊಡಲಾಗುತ್ತಿತ್ತು. ಮಂಪರಿನಲ್ಲಿ ಬಿದ್ದು, ಒಂದು ಪಾರ್ಶ್ವದ ಸ್ವಾಧೀನ ತಪ್ಪಿ, ಕರೆದರೆ ಓಗೊಡಲಾರದಿದ್ದ ರೋಗಿಯು ಒಂದೆರಡು ದಿನಗಳೊಳಗೆ ಎದ್ದು ಕುಳಿತು ಮಾತನಾಡಿ ತಾನೇ ಊಟಮಾಡುವಂತಾಗುವ ಸಂಗತಿಯು, ಅದುವರೆಗೆ ತುರ್ತು ಶಸ್ತ್ರಕ್ರಿಯೆಯೊಂದನ್ನೇ ನಂಬಿಕೊಂಡಿದ್ದವರಿಗೆ ಎಂತಹ ನೆಮ್ಮದಿಯನ್ನು ತಂದಿರಬೇಕೆಂಬುದನ್ನು ಊಹಿಸಬಹುದು. ಶಸ್ತ್ರಕ್ರಿಯೆಯನ್ನು ಸಾವಧಾನವಾಗಿ ಯೋಜಿಸಲು ಅವಕಾಶವಾಯಿತು. ಊದಿಕೊಂಡ ಮಿದುಳು ಬುರುಡೆ ತೆರೆದೊಡನೆ ಹೊರಕ್ಕೆ ಉಕ್ಕುವ ಭೀತಿ ತಗ್ಗಿತು.

ಕಾರಣವು ತಿಳಿದದ್ದು ಕಾರ್ಯಕ್ಕಿಂತ ತಡವಾಗಿ. ಇಗೋರ್ ಕ್ಲಾಟ್ಸೊ 1967ರಲ್ಲಿ ಮಿದುಳಿನ ಊತವನ್ನು ಎರಡಾಗಿ ವಿಂಗಡಿಸಿ, ರಕ್ತನಾಳಗಳ ಗೋಡೆ ಸೋರಿ ಆಗುವುದು ಒಂದು, ಜೀವಕೋಶಗಳೇ ನೀರುಂಡು ಉಬ್ಬುವುದು ಇನ್ನೊಂದು ಎಂದು ತೋರಿಸಿದನು. ಗಂತಿಯ ಸುತ್ತಣದು ಮೊದಲನೆಯ ಬಗೆ; ಸೋರುವ ಗೋಡೆಯನ್ನು ಬಿಗಿಗೊಳಿಸುವುದೇ ಸ್ಟೀರಾಯ್ಡಿನ ಕೆಲಸ. ಈ ವಿವೇಕವನ್ನು ಕಡೆಗಣಿಸಿ ತಲೆಗೆ ಪೆಟ್ಟುಬಿದ್ದವರಿಗೂ ದಶಕಗಳ ಕಾಲ ಇದೇ ಮದ್ದನ್ನು ಕೊಡುತ್ತಿದ್ದುದು ದುಃಖದ ವಿಷಯ: 10,008 ಮಂದಿಯನ್ನೊಳಗೊಂಡ ಕ್ರ್ಯಾಶ್ ಎಂಬ ಪ್ರಯೋಗವು 2004ರಲ್ಲಿ ಪ್ರಕಟವಾದಾಗ, ಎರಡು ವಾರಗಳೊಳಗಿನ ಮರಣವು ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡ 21.1, ಪಡೆಯದವರಲ್ಲಿ 17.9 ಎಂದು ಕಂಡುಬಂತು.

ಗಂತಿರೋಗಿಗಳಲ್ಲಿಯೂ ಬೆಲೆ ತೆರದೆ ವಿಧಿಯಿರಲಿಲ್ಲ. ತಿಂಗಳುಗಟ್ಟಲೆ ಮದ್ದು ಸೇವಿಸಿದವನು ನೆಲದಿಂದ ಏಳುವಾಗ ಕೈಯೂರಬೇಕಾಗುತ್ತದೆ, ಮೆಟ್ಟಿಲು ಹತ್ತಲಾರ, ತಲೆ ಬಾಚಿಕೊಳ್ಳಲು ತೋಳೆತ್ತಲಾರ. ಏಕೆಂದರೆ ತೊಡೆ ಮತ್ತು ಭುಜಗಳ ಸ್ನಾಯುಗಳು ಕರಗಿರುತ್ತವೆ. ಸಕ್ಕರೆ ಕಾಯಿಲೆ, ನಿದ್ರಾಹೀನತೆ, ಮನಸ್ಸಿನ ಕಳವಳ, ಎಲುಬಿನ ಸವೆತ, ಕಡೆಗೆ ನ್ಯೂಮೊಸಿಸ್ಟಿಸ್ ಎಂಬ ಮಾರಕ ಶ್ವಾಸಕೋಶದ ಸೋಂಕು ಸಹ ಬರಬಹುದು. ಹಾಗೆಂದು ಮದ್ದನ್ನು ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ರೋಗಿಯ ಸುಪ್ತವಾಗಿರುವ ಸ್ವಂತ ಅಡ್ರಿನಲ್ ಗ್ರಂಥಿಯು ಎಚ್ಚೆತ್ತುಕೊಳ್ಳುವವರೆಗೆ ಮೆಲ್ಲಮೆಲ್ಲನೆ ಇಳಿಸಬೇಕು. ಆದರೂ 1961ರ ಆ 16 ಮಿಲಿಗ್ರಾಂ ದಿನಪ್ರಮಾಣವು ಹೆಚ್ಚಿನ ವಿಚಾರಣೆಯಿಲ್ಲದೆ ಮೂರು ದಶಕಗಳ ಕಾಲ ರೂಢಿಯಾಗಿಯೇ ನಡೆಯಿತು. ನೆದರ್ಲೆಂಡ್ಸಿನ ಚಾರ್ಲ್ಸ್ ವೆಕ್ಟ್ ಮತ್ತು ಸಂಗಡಿಗರು 1994ರಲ್ಲಿ, ಮಿದುಳಿಗೆ ಹರಡಿದ ಏಡಿಗಂತಿಯುಳ್ಳವರಲ್ಲಿ 4 ಮಿಲಿಗ್ರಾಮೂ ಒಂದು ವಾರದ ಕೊನೆಗೆ 16ರಷ್ಟೇ ಗುಣಕೊಡುವುದೆಂದೂ ಉಪದ್ರವ ಕಡಮೆಯೆಂದೂ ತೋರಿಸಿದರು. ಈ ವಿಷಯದ ಪ್ರಯೋಗಗಳಲ್ಲಿ ರೋಗಿಗೆ ಅತ್ಯಂತ ಹಿತಮಾಡಿದುದು ಇದೇ ಎಂದು ಹೇಳಬೇಕು.

ರೋಗನಿರ್ಣಯದಲ್ಲಿ ಸ್ಟೀರಾಯ್ಡ್ ಮೋಸಮಾಡುವ ಸಂದರ್ಭಗಳೂ ಉಂಟು. ಮಿದುಳಿನ ಲಿಂಫೋಮ ಗಂತಿಯು ಇದರಿಂದ ಕೆಲವು ದಿನಗಳಲ್ಲಿಯೇ ಕರಗಿ ಮರೆಯಾಗಿ, ಮುಂದೆ ಮರುಕಳಿಸುತ್ತದೆ. ಆದ್ದರಿಂದ ಅದರ ಸಂಶಯವಿದ್ದು ಸ್ಥಿತಿ ತುರ್ತಲ್ಲದಿದ್ದಲ್ಲಿ, ಗಂತಿಯ ಚೂರನ್ನು ಪರೀಕ್ಷೆಗೆ ತೆಗೆಯುವ ಮುನ್ನ ಮದ್ದು ಕೊಡಬಾರದೆಂಬ ನಿಯಮ ಬೆಳೆಯಿತು. ಭಾರತದಲ್ಲಿ ಕ್ಷಯದ ಗಡ್ಡೆಯೂ ಗಂತಿಯಂತೆಯೇ ತೋರುವುದುಂಟು. ಅದರ ಊತವೂ ಸ್ಟೀರಾಯ್ಡಿಗೆ ಇಳಿಯುವುದರಿಂದ, ರೋಗಿ ಚೇತರಿಸಿಕೊಂಡನೆಂಬುದು ರೋಗ ಇಂತಹುದೆಂಬುದಕ್ಕೆ ಸಾಕ್ಷಿಯಾಗಲಾರದು.

ಬದಲಿ ಔಷಧಗಳ ಶೋಧ ನಿಂತಿಲ್ಲ. ರಕ್ತನಾಳಗಳನ್ನು ಸೋರಿಸುವ ಪ್ರೋಟೀನನ್ನು ತಡೆಯುವ ಬೆವಸಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2009ರಲ್ಲಿ ಗ್ಲಿಯೊಬ್ಲಾಸ್ಟೋಮ ಗಂತಿಯ ಚಿಕಿತ್ಸೆಗೆ ಅನುಮತಿ ದೊರೆಯಿತು. ನಮ್ಮ ನಾಡಿನ ಶುಷ್ಕಾರಣ್ಯಗಳಲ್ಲಿ ಬೆಳೆಯುವ ಶಲ್ಲಕಿ ಮರದ ಅಂಟನ್ನು ಜರ್ಮನಿಯ ಫ್ರೈಬರ್ಗಿನಲ್ಲಿ, ವಿಕಿರಣ ಪಡೆಯುತ್ತಿದ್ದ 44 ರೋಗಿಗಳಲ್ಲಿ ಪರೀಕ್ಷಿಸಿ ಊತ ತಗ್ಗಿದ್ದನ್ನು 2011ರಲ್ಲಿ ವರದಿಮಾಡಿದರು. ಸಂಖ್ಯೆ ಚಿಕ್ಕದಾದರೂ ಇದು ಮುಂದುವರಿಸತಕ್ಕ ದಾರಿಯಾಗಿದೆ. 2016ರಲ್ಲಿ ಎರಡು ಮಹತ್ತ್ವದ ವರದಿಗಳು ಬಂದವು. ವಿಕಿರಣ ಚಿಕಿತ್ಸೆಯ ಕಾಲದಲ್ಲಿ ಸ್ಟೀರಾಯ್ಡ್ ಪಡೆದ ಗ್ಲಿಯೊಬ್ಲಾಸ್ಟೋಮ ರೋಗಿಗಳ ಬದುಕು ಮೊಟಕಾಗುವುದನ್ನು ಒಂದು ಅಧ್ಯಯನ ಕಂಡಿತು. ಬ್ರಿಟನ್ ಮೊದಲಾದೆಡೆಯ 538 ಮಂದಿಯ ಮೇಲೆ ನಡೆದ ಕ್ವಾರ್ಟ್ಜ್ ಪ್ರಯೋಗವು, ಶ್ವಾಸಕೋಶದ ಏಡಿಗಂತಿ ಮಿದುಳಿಗೆ ಹರಡಿ ಶಸ್ತ್ರಕ್ರಿಯೆಗೆ ಒದಗದವರಲ್ಲಿ, ಡೆಕ್ಸಾಮೆಥಸೋನ್ ಮತ್ತು ಶುಶ್ರೂಷೆಯ ಜೊತೆಗೆ ಇಡೀ ಮಿದುಳಿಗೆ ವಿಕಿರಣ ಕೊಟ್ಟರೂ ಕೊಡದಿದ್ದರೂ ಆಯುಸ್ಸಿನಲ್ಲಿಯೂ ಬಾಳಿನ ನೆಮ್ಮದಿಯಲ್ಲಿಯೂ ಹೇಳತಕ್ಕಷ್ಟು ಅಂತರ ಕಾಣದೆಂದು ತಿಳಿಸಿತು. ಅಂತಹ ರೋಗಿಗಳಲ್ಲಿ ಅನೇಕರು ವಿಕಿರಣಕ್ಕಾಗಿ ಆಸ್ಪತ್ರೆಗೆ ಅಲೆಯದೆ ಮನೆಯಲ್ಲಿಯೇ ಉಳಿಯುವುದಕ್ಕೆ ಇದು ಆಧಾರವಾಯಿತು.